ಗಿಡ ಬೇಡವೆಂದ ಹಕ್ಕಿ

ಮಕ್ಕಳೇ, ನಿಮಗೊಂದು ಪ್ರಶ್ನೆ. ಹಕ್ಕಿಗಳು ಎಲ್ಲಿ ವಾಸಿಸುತ್ತವೆ?

"ಮರದ ಮೇಲೆ" ಎಂದು ನೀವು ತಟ್ಟನೆ ಹೇಳುತ್ತೀರಿ. ನಾನೂ ಮೂವತ್ತು ವರ್ಷ ಶಾಲೆಯಲ್ಲಿ ಹಾಗೆಯೇ ಪಾಠ ಮಾಡಿದೆ. ಕಪ್ಪುಹಲಗೆಯ ಮೇಲೆ ಒಂದು ಮರ ಬರೆದು, ಕೊಂಬೆಯಲ್ಲಿ ಗೂಡು ಬರೆದು, ಗೂಡಿನಲ್ಲಿ ಹಕ್ಕಿಯನ್ನು ಬರೆದೆ. ಆ ಚಿತ್ರ ತಪ್ಪಲ್ಲ. ಆದರೆ ಎಲ್ಲ ಹಕ್ಕಿಗೂ ಅದು ಹೊಂದುವುದಿಲ್ಲ. ಈ ಪಾಠವನ್ನು ನನಗೆ ಕಲಿಸಿದವರು ಶಾಲೆಯ ಮೆಟ್ಟಿಲನ್ನೇ ಹತ್ತದ ಒಬ್ಬ ಕುರಿಗಾಹಿ ತಾತ. ಕಲಿಯುವ ಮೊದಲು ನಾನೊಂದು ತಪ್ಪು ಕೆಲಸವನ್ನೂ ಮಾಡಿದ್ದೆ. ಅದನ್ನೇ ಈಗ ನಿಮಗೆ ಹೇಳುತ್ತೇನೆ.

ಎರೆ ನೆಲದ ಭೂತ

ನನ್ನ ಊರು ಬಳ್ಳಾರಿ ಜಿಲ್ಲೆಯ ಎರೆ ಸೀಮೆಯಲ್ಲಿದೆ. ಎರೆ ಎಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಈ ನೆಲ ಕಾಲು ಸಿಕ್ಕುವಷ್ಟು ಅಗಲವಾಗಿ ಬಿರಿಯುತ್ತದೆ. ಮಳೆ ಬಿದ್ದರೆ ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ಜೋಳ, ಕಡಲೆ, ಹತ್ತಿ ನಮ್ಮ ಬೆಳೆಗಳು. ಹೊಲಗಳ ನಡುವೆ ಅಲ್ಲಲ್ಲಿ ಉಳದೆ ಬಿಟ್ಟ ಹುಲ್ಲುಗಾವಲು ಇತ್ತು. ಕಣ್ಣು ಹಾಯಿಸಿದಷ್ಟು ದೂರವೂ ಬಯಲೇ ಬಯಲು.

ನಾನು ಚಿಕ್ಕವನಿದ್ದಾಗ ಸಂಜೆ ಕತ್ತಲಾದರೂ ಮನೆಗೆ ಬಾರದಿದ್ದರೆ ನಮ್ಮಜ್ಜಿ ಹೆದರಿಸುತ್ತಿದ್ದಳು. "ಬಯಲಾಗ ಎರೆಭೂತ ಐತೆ ನೋಡು, ಹಿಡ್ಕೊಂಡು ಹೋಗ್ತದೆ!" ನಾನು ಓಡಿ ಬಂದು ಅವಳ ಸೀರೆಯ ಸೆರಗು ಹಿಡಿಯುತ್ತಿದ್ದೆ. ಎರೆಭೂತ ಎಂದರೆ ಕೂದಲು ಕೆದರಿದ, ಹಲ್ಲು ಕಿರಿದ ಭೂತ ಎಂದೇ ಎಷ್ಟೋ ವರ್ಷ ನಂಬಿದ್ದೆ.

ಎರೆಭೂತ ಎಂಬುದು ಒಂದು ಹಕ್ಕಿಯ ಹೆಸರು! ನಮ್ಮ ಕಡೆ ಅದನ್ನು ಎರೆಲಡ್ಡು ಎಂದೂ ಕರೆಯುತ್ತಾರೆ. ದೊರವಾಯನ ಹಕ್ಕಿ ಎಂಬ ಹೆಸರೂ ಇದೆ. ನೆರೆಯ ಆಂಧ್ರದವರಿಗೆ ಇದು ಬಟ್ಟಮೇಕ. ಮೇಕೆಯಷ್ಟು ಎತ್ತರ ಕಾಣುವ ಹಕ್ಕಿಗೆ ಹೆಸರಿನಲ್ಲಿಯೇ ಮೇಕೆ ಸೇರಿಕೊಂಡಿದೆ, ನೋಡಿ. ಮಹಾರಾಷ್ಟ್ರದಲ್ಲಿ ಮಾಳಢೋಕ, ರಾಜಸ್ಥಾನದಲ್ಲಿ ಗೋಡಾವಣ್. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ವಿಜ್ಞಾನಿಗಳು ಇಟ್ಟ ಹೆಸರು ಆರ್ಡಿಯೋಟಿಸ್ ನೈಗ್ರಿಸೆಪ್ಸ್. ನೈಗ್ರಿಸೆಪ್ಸ್ ಎಂದರೆ ಕಪ್ಪು ತಲೆಯದು ಎಂದರ್ಥ.

ಈ ಹಕ್ಕಿ ಸುಮಾರು 1 ಮೀಟರ್ ಎತ್ತರ ನಿಲ್ಲುತ್ತದೆ. ಎರಡನೇ ತರಗತಿಯ ಮಗುವಿನ ಹೆಗಲಿಗೆ ಬರುವಷ್ಟು! ಗಂಡು 15 ಕೆ.ಜಿ.ವರೆಗೂ ತೂಗಬಲ್ಲದು. ಹೆಣ್ಣು ಅದರ ಅರ್ಧದಷ್ಟು ತೂಕವಿದ್ದರೆ ಹೆಚ್ಚು. ಜಗತ್ತಿನಲ್ಲಿ ಹಾರಬಲ್ಲ ಹಕ್ಕಿಗಳ ಪೈಕಿ ಅತಿ ಭಾರವಾದ ಕೆಲವೇ ಹಕ್ಕಿಗಳಲ್ಲಿ ಇದೂ ಒಂದು. ತಲೆಯ ಮೇಲೆ ಕಪ್ಪು ಟೋಪಿ ಇಟ್ಟಂತೆ ಕಾಣುತ್ತದೆ. ಉದ್ದನೆಯ ಬಿಳಿಚು ಕುತ್ತಿಗೆ, ಕಂದು ಬಣ್ಣದ ಬೆನ್ನು, ಉದ್ದ ಕಾಲುಗಳು. ಗಂಡಿನ ಎದೆಯ ಮೇಲೆ ಕಪ್ಪು ಪಟ್ಟಿ ಇರುತ್ತದೆ. ಹೆಣ್ಣಿನಲ್ಲಿ ಈ ಪಟ್ಟಿ ತೆಳು, ಇಲ್ಲವೇ ಅರೆಬರೆ.

ಇನ್ನೂರು ಸಸಿಗಳು

2009ರ ಜುಲೈ ತಿಂಗಳು. ಆಗ ನಾನು ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕನಾಗಿದ್ದೆ. ವನಮಹೋತ್ಸವ ಬಂತು. ಶಾಲೆಯ ಅಂಗಳದಲ್ಲಿ ಜಾಗವಿರಲಿಲ್ಲ. ಊರಾಚೆ ಹುಲ್ಲು ಬೆಳೆದ ದೊಡ್ಡ ಬಯಲಿತ್ತು. ಕಾಗದಪತ್ರದಲ್ಲಿ ಅದಕ್ಕೆ ಬಂಜರು ಎಂದು ಹೆಸರು. "ಸುಮ್ಮನೆ ಬಿದ್ದಿರುವ ಪಾಳು ಜಾಗ, ಇದನ್ನು ಹಸಿರು ಮಾಡೋಣ" ಎಂದು ನಾನೇ ಮುಂದಾಗಿ ಹೇಳಿದೆ. ಬೇವು, ಹೊಂಗೆ, ಸುಬಾಬುಲ್, ಎಲ್ಲ ಸೇರಿ 200 ಸಸಿಗಳನ್ನು ತರಿಸಿದೆವು. ಆರು, ಏಳನೇ ತರಗತಿಯ ಮಕ್ಕಳೆಲ್ಲ ಗುದ್ದಲಿ, ಸಲಿಕೆ, ಕೊಡ ಹಿಡಿದು ಬಂದರು. ಹಾಡು ಹೇಳುತ್ತಾ ಗುಂಡಿ ತೋಡಿದೆವು. ಸಸಿಗೊಂದು ಕೋಲು ನೆಟ್ಟು, ಸುತ್ತ ಮುಳ್ಳು ಹಚ್ಚಿದೆವು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಕುರಿಗಾಹಿ ತಾತ ಅಲ್ಲಿಗೆ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿದರು. ಆಮೇಲೆ ಕೇಳಿದರು:

"ಮೇಷ್ಟ್ರೇ, ಕೆಲ್ಸ ಒಳ್ಳೇದೇ. ಆದ್ರೆ ಇದು ಎರೆಲಡ್ಡು ಆಡೋ ಜಾಗ. ಇಲ್ಲಿ ಗಿಡ ಹಚ್ಚಿದ್ರೆ ಅದು ಎಲ್ಲಿಗೆ ಹೋಗಬೇಕು?"

ನನಗೆ ನಗು ಬಂತು. "ಹಕ್ಕಿಗೆ ಗಿಡ ಬೇಡ ಅಂತೀರಾ ತಾತಾ? ಗಿಡ ಬೆಳೆದರೆ ಹಕ್ಕಿಗಳಿಗೇ ಒಳ್ಳೇದಲ್ಲವಾ?" ಎಂದೆ.

"ಎಲ್ಲಾ ಹಕ್ಕಿಗೂ ಗಿಡ ಬೇಕು ಅಂತ ನಿಮಗ್ಯಾರು ಹೇಳಿದ್ರು?"

ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಮಕ್ಕಳ ಎದುರು ಸೋಲಲು ಮನಸ್ಸು ಬರಲಿಲ್ಲ. ಮಾತು ಮರೆಸಿ ಕೆಲಸ ಮುಂದುವರಿಸಿದೆ. ತಾತ ಕುರಿಗಳನ್ನು ಹೊಡೆದುಕೊಂಡು ಹೋದರು. ಹೋಗುವಾಗ, "ಮುಂದಿನ ಮಳೆಗಾಲಕ್ಕೆ ಬರ್ರಿ, ತೋರಿಸ್ತೀನಿ" ಎಂದರು.

ಹಾಗೆ ನೋಡಿದರೆ, ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದಾಗ "ಗೊತ್ತಿಲ್ಲ, ತಿಳಿದುಕೊಳ್ಳೋಣ" ಎನ್ನುವುದೇ ವಿಜ್ಞಾನದ ಮೊದಲ ಮೆಟ್ಟಿಲು. ಅಂದು ನಾನು ಆ ಮೆಟ್ಟಿಲಿನಲ್ಲೇ ಎಡವಿದೆ.

ಬಯಲಿನಲ್ಲಿ ಒಂದು ಬೆಳಗು

ತಾತ ಮಾತು ಮರೆಯಲಿಲ್ಲ. ಮರುವರ್ಷ ಮೊದಲ ಮಳೆಗಳು ಬಿದ್ದು ಹುಲ್ಲು ಚಿಗುರಿದಾಗ ನನಗೆ ಹೇಳಿ ಕಳಿಸಿದರು. ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ಇಬ್ಬರೂ ಹೊರಟೆವು. ಅದು ಯಾವ ಊರಿನ ಯಾವ ಬಯಲು ಎಂದು ಮಾತ್ರ ನಾನು ನಿಮಗೆ ಹೇಳುವುದಿಲ್ಲ. ಅಪರೂಪದ ಹಕ್ಕಿ ಮರಿ ಮಾಡುವ ಜಾಗವನ್ನು ಎಲ್ಲರಿಗೂ ಸಾರಬಾರದು. ನೋಡುವ ಆಸೆಯಿಂದ ಜನ ನುಗ್ಗಿದರೂ ಹಕ್ಕಿಗೆ ತೊಂದರೆಯೇ.

ಒಂದು ಬದುವಿನ ಹಿಂದೆ ಕಂಬಳಿ ಹಾಸಿ ಕುಳಿತೆವು. "ಅಲುಗಾಡಬ್ಯಾಡ್ರಿ, ಅದಕ್ಕೆ ಕಣ್ಣು ಭಾಳ ಚುರುಕು" ಎಂದರು ತಾತ. ಮೂಡಣ ಕೆಂಪಾಯಿತು. ಬಯಲಿನಲ್ಲಿ ಏನೂ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ದೂರದಿಂದ ಒಂದು ಸದ್ದು. "ಹೂಂ…" ಎಂದು ಯಾರೋ ಖಾಲಿ ಹರವಿಯೊಳಗೆ ಬಾಯಿಟ್ಟು ನರಳಿದಂತೆ. ಮೈ ಜುಂ ಎಂದಿತು. ಅಜ್ಜಿಯ ಎರೆಭೂತ ನೆನಪಾಯಿತು!

ತಾತ ಕೋಲಿನಿಂದ ತೋರಿಸಿದರು. ನಾನು ಅಷ್ಟು ಹೊತ್ತು ಗೂಟ ಎಂದುಕೊಂಡಿದ್ದುದು ನಡೆಯತೊಡಗಿತ್ತು. ಅದೇ ಗಂಡು ಎರೆಲಡ್ಡು. ಬಾಲವನ್ನು ಬೆನ್ನಿನ ಮೇಲೆ ಬೀಸಣಿಗೆಯಂತೆ ಎತ್ತಿತ್ತು. ಅದರ ಕೊರಳಿನಿಂದ ಒಂದು ಬಿಳಿಯ ಚೀಲ ಜೋತು, ಹೆಚ್ಚುಕಡಿಮೆ ಕಾಲಿನವರೆಗೂ ಇಳಿದಿತ್ತು. ಗಂಡಿನ ಗಂಟಲಿನಲ್ಲಿ ಗಾಳಿ ತುಂಬಿಕೊಳ್ಳುವ ಇಂಥ ಚೀಲವಿದೆ. ಮರಿ ಮಾಡುವ ಕಾಲದಲ್ಲಿ ಅದು ಚೀಲವನ್ನು ಉಬ್ಬಿಸಿ, ಗಂಭೀರವಾಗಿ ಹೆಜ್ಜೆ ಹಾಕುತ್ತಾ ಕೂಗುತ್ತದೆ. ಆ ಕೂಗು ಸುಮಾರು ಅರ್ಧ ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. "ನಾನು ಇಲ್ಲಿದ್ದೇನೆ, ಬಲಶಾಲಿಯಾಗಿದ್ದೇನೆ" ಎಂದು ಹೆಣ್ಣುಗಳಿಗೆ ತಿಳಿಸುವ ರೀತಿ ಇದು.

ಈಗ ಯೋಚಿಸಿ. ಕೊಂಬೆಯ ಮೇಲೆ ಕುಳಿತು ಹಾಡುವ ಹಕ್ಕಿಯನ್ನು ಎಲ್ಲರೂ ನೋಡಬಹುದು. ನೆಲದ ಮೇಲೆ ನಿಂತು ಕುಣಿಯುವ ಹಕ್ಕಿಯನ್ನು ಹೆಣ್ಣು ದೂರದಿಂದ ನೋಡಬೇಕಾದರೆ ಏನು ಬೇಕು? ಅಡ್ಡವಿಲ್ಲದ ಬಯಲು ಬೇಕು. ಗಂಡು ಹಕ್ಕಿ ವರ್ಷವರ್ಷವೂ ಅದೇ ಜಾಗಕ್ಕೆ ಬಂದು ಕುಣಿಯುತ್ತದೆ. ತಾತ "ಆಡೋ ಜಾಗ" ಎಂದದ್ದು ಇದನ್ನೇ. ನಾನು ಸಸಿ ನೆಡಿಸಿದ ಬಯಲೂ ಹಿಂದೆ ಅಂಥದ್ದೇ ಒಂದು ಆಡುವ ಜಾಗವಾಗಿತ್ತಂತೆ.

ಸ್ವಲ್ಪ ಹೊತ್ತಿನಲ್ಲಿ ಹೆಣ್ಣೊಂದು ಹುಲ್ಲಿನ ನಡುವೆ ಕಾಣಿಸಿತು. ತಲೆ ತಗ್ಗಿಸಿ ಏನನ್ನೋ ಕುಟುಕುತ್ತಿತ್ತು. ಎರೆಲಡ್ಡುವಿನ ಊಟದ ಪಟ್ಟಿ ಉದ್ದವಾಗಿದೆ. ಮಿಡತೆ, ಜೀರುಂಡೆ, ಓತಿಕ್ಯಾತ, ಬಾರೆ ಹಣ್ಣು, ಕಾಳುಕಡಿ, ನೆಲಗಡಲೆ ಎಲ್ಲವೂ ಬೇಕು. ಬೆಳೆ ತಿನ್ನುವ ಮಿಡತೆಯನ್ನು ತಿನ್ನುವ ಹಕ್ಕಿ ರೈತನ ಗೆಳೆಯನಲ್ಲವೇ?

ಕೊಕ್ಕೆ ಇಲ್ಲದ ಕಾಲು

ಅವು ದೂರ ಸರಿದ ಮೇಲೆ ತಾತ ನನ್ನನ್ನು ಒದ್ದೆ ಮಣ್ಣಿನ ಬಳಿಗೆ ಕರೆದೊಯ್ದರು. ಅಲ್ಲಿ ಹೆಜ್ಜೆಯ ಗುರುತು ಮೂಡಿತ್ತು. "ಬೆರಳು ಎಣಿಸ್ರಿ ಮೇಷ್ಟ್ರೇ" ಎಂದರು. ಎಣಿಸಿದೆ. ಮೂರು. ಮೂರೂ ಮುಂದಕ್ಕೆ. ಹಿಂದೆ ಬೆರಳೇ ಇಲ್ಲ.

ನಿಮ್ಮ ಮನೆಯ ಕೋಳಿಯ ಕಾಲನ್ನು ನೋಡಿ. ಮುಂದೆ ಮೂರು ಬೆರಳು, ಹಿಂದೆ ಒಂದು. ಕಾಗೆಗೂ ಗುಬ್ಬಿಗೂ ಹೀಗೆಯೇ. ಆ ಹಿಂದಿನ ಬೆರಳು ನಮ್ಮ ಹೆಬ್ಬೆರಳಿನಂತೆ ಕೆಲಸ ಮಾಡುತ್ತದೆ. ಹೆಬ್ಬೆರಳನ್ನು ಮಡಚಿಟ್ಟು ಒಂದು ಕೋಲನ್ನು ಭದ್ರವಾಗಿ ಹಿಡಿಯಲು ಪ್ರಯತ್ನಿಸಿ. ಜಾರುತ್ತದೆ, ಅಲ್ಲವೇ? ಹಿಂಬೆರಳಿಲ್ಲದ ಹಕ್ಕಿ ಕೊಂಬೆಯನ್ನು ಹಿಡಿದು ಕೂರಲಾರದು. ಆದರೆ ಸಮತಟ್ಟಾದ ನೆಲದ ಮೇಲೆ ದಿನವಿಡೀ ನಡೆಯಲು ಮೂರು ಗಟ್ಟಿ ಬೆರಳುಗಳೇ ಸಾಕು. ಎರೆಲಡ್ಡುವಿನ ಕಾಲು ಕೊರತೆಯ ಕಾಲಲ್ಲ, ಬಯಲಿಗೆ ಹೊಂದಿಕೊಂಡ ಕಾಲು. ಯಾವುದೇ ಜೀವಿಯ ಅಂಗಗಳನ್ನು ನೋಡಿದರೆ ಅದು ಎಲ್ಲಿ, ಹೇಗೆ ಬದುಕುತ್ತದೆ ಎಂದು ಊಹಿಸಬಹುದು ಎನ್ನುವುದು ಇದಕ್ಕೇ.

ಅಂದರೆ ಈ ಹಕ್ಕಿಗೆ ಮರ ಬೇಡ. ಬೇಡ ಎಂದಷ್ಟೇ ಅಲ್ಲ, ಮರಗಳು ಒತ್ತಾಗಿ ಬೆಳೆದರೆ ಅದಕ್ಕೆ ತೊಂದರೆ. ಏಕೆ ಗೊತ್ತೇ? ಎರೆಲಡ್ಡುವಿಗೆ ರಕ್ಷಣೆಯೆಂದರೆ ದೂರದ ನೋಟ. ನರಿಯೋ ನಾಯಿಯೋ ಬರುವುದನ್ನು ದೂರದಿಂದಲೇ ಕಂಡು ಅದು ತಪ್ಪಿಸಿಕೊಳ್ಳಬೇಕು. ಗಿಡಮರ ಬೆಳೆದರೆ ನೋಟಕ್ಕೆ ಅಡ್ಡವಾಗುತ್ತದೆ. ಜೊತೆಗೆ, ಮೊಟ್ಟೆ ಕದಿಯುವ ಕಾಗೆಗೆ ಕುಳಿತು ನೋಡಲು ಎತ್ತರದ ಆಸನ ಸಿಗುತ್ತದೆ.

ಹಿಂದಿರುಗುವಾಗ ನಮ್ಮ ಸಸಿಗಳ ಬಳಿ ಬಂದೆವು. ನೀರಿಲ್ಲದೆ ಮುಕ್ಕಾಲು ಪಾಲು ಒಣಗಿದ್ದವು. ಕೋಲುಗಳು ಮಾತ್ರ ನಿಂತಿದ್ದವು. ಒಂದು ಕೋಲಿನ ತುದಿಯಲ್ಲಿ ಕಾಗೆ ಕುಳಿತು ಅತ್ತಿತ್ತ ಕತ್ತು ತಿರುಗಿಸುತ್ತಿತ್ತು. ತಾತ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ವರ್ಷಕ್ಕೊಂದೇ ಮೊಟ್ಟೆ

ನಿಮ್ಮ ಮನೆಯ ಕೋಳಿ ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವು ಕೂರುತ್ತದೆ. ಎರೆಲಡ್ಡು ಸಾಮಾನ್ಯವಾಗಿ ಒಂದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಗೂಡನ್ನೂ ಕಟ್ಟುವುದಿಲ್ಲ. ನೆಲದ ಮೇಲಿನ ಒಂದು ಸಣ್ಣ ತಗ್ಗೇ ಗೂಡು. ಮೊಟ್ಟೆಯ ಮೇಲೆ ಕಂದು ಕಲೆಗಳಿದ್ದು, ಮಣ್ಣು ಮತ್ತು ಒಣಹುಲ್ಲಿನ ಬಣ್ಣದಲ್ಲಿ ಅದು ಬೆರೆತುಹೋಗುತ್ತದೆ. ಪಕ್ಕದಲ್ಲೇ ನಡೆದುಹೋದರೂ ಕಾಣಿಸುವುದಿಲ್ಲ. ಕಾಣದೇ ಇರುವುದೇ ಅದರ ಕಾವಲು. ಆದರೆ ಕಾಣದ ಕಾರಣದಿಂದಲೇ ದನಕರುಗಳ ಗೊರಸಿಗೋ, ಟ್ರ್ಯಾಕ್ಟರ್ ಗಾಲಿಗೋ ಸಿಕ್ಕಿ ಒಡೆಯುವುದೂ ಉಂಟು.

ಸುಮಾರು 27 ದಿನ ಹೆಣ್ಣೊಂದೇ ಕಾವು ಕೂರುತ್ತದೆ. ಗಂಡು ಈ ಕೆಲಸದಲ್ಲಿ ಕೈಜೋಡಿಸುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಕೋಳಿಮರಿಯಂತೆ ಬೇಗನೆ ನಡೆಯಲು ಕಲಿತು ತಾಯಿಯ ಹಿಂದೆ ಓಡಾಡುತ್ತದೆ. ಎಷ್ಟೋ ತಿಂಗಳು ತಾಯಿಯ ಜೊತೆಯಲ್ಲೇ ಇರುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ಒಂದು ಬಯಲಿನಲ್ಲಿ 10 ಹೆಣ್ಣು ಹಕ್ಕಿಗಳಿವೆ ಎಂದುಕೊಳ್ಳೋಣ. ವರ್ಷಕ್ಕೆ 10 ಮೊಟ್ಟೆ. ಅವುಗಳಲ್ಲಿ ಕೆಲವು ಕಾಗೆ, ನಾಯಿ, ಉಡಗಳ ಪಾಲಾಗುತ್ತವೆ. ಉಳಿದ ಮರಿಗಳಲ್ಲಿ ಕೆಲವು ದೊಡ್ಡವಾಗುವ ಮೊದಲೇ ಸಾಯುತ್ತವೆ. ಆ ವರ್ಷ ದೊಡ್ಡ ಹಕ್ಕಿಗಳಲ್ಲಿ ನಾಲ್ಕು ಸತ್ತರೆ, ಆ ಜಾಗ ತುಂಬಲು ಎಷ್ಟು ವರ್ಷ ಬೇಕು? ಬೇಗ ಬೇಗ ಮರಿ ಮಾಡುವ ಜೀವಿಗೆ ಬಿದ್ದ ಪೆಟ್ಟು ಬೇಗ ಮಾಯುತ್ತದೆ. ನಿಧಾನವಾಗಿ ಮರಿ ಮಾಡುವ ಜೀವಿಗೆ ಒಂದೊಂದು ಸಾವೂ ದೊಡ್ಡ ನಷ್ಟ.

ಎದುರಿಗಿದ್ದ ತಂತಿ ಕಾಣದು

ಆ ದಿನ ನಾನು ಕಂಡ ಇನ್ನೊಂದು ಸಂಗತಿ ಹೇಳಬೇಕು. ಬಯಲಿನ ಅಂಚಿನ ಕಾಲುದಾರಿಯಲ್ಲಿ ಮೋಟಾರ್ ಸೈಕಲ್ ಬಂದ ಸದ್ದಿಗೆ ಗಂಡು ಹಕ್ಕಿ ಮೇಲೆದ್ದಿತು. ರೆಕ್ಕೆ ಬಿಚ್ಚಿದಾಗ ಎರಡು ಮೀಟರಿಗೂ ಹೆಚ್ಚು ಅಗಲ! ನಿಧಾನವಾಗಿ ರೆಕ್ಕೆ ಬಡಿಯುತ್ತಾ ನೆಲದಿಂದ ಅಷ್ಟೇನೂ ಎತ್ತರವಲ್ಲದೆ ಹಾರಿತು. ಎದುರಿಗೆ ಕರೆಂಟಿನ ಕಂಬಗಳ ಸಾಲು. ನನ್ನ ಉಸಿರು ನಿಂತಂತಾಯಿತು. ತಂತಿಗಿಂತ ಸ್ವಲ್ಪವೇ ಮೇಲಿನಿಂದ ಅದು ದಾಟಿ ಹೋಯಿತು. "ಎಲ್ಲಾ ಸಲ ಹಿಂಗೆ ದಾಟೋದಿಲ್ಲ" ಎಂದರು ತಾತ.

ಕಣ್ಣು ಅಷ್ಟು ಚುರುಕಾದ ಹಕ್ಕಿಗೆ ತಂತಿ ಕಾಣಿಸುವುದಿಲ್ಲವೇ? ಇದಕ್ಕೆ ಉತ್ತರ ಕಣ್ಣಿರುವ ಜಾಗದಲ್ಲಿದೆ. ನಮ್ಮ ಎರಡೂ ಕಣ್ಣುಗಳು ಮುಖದ ಮುಂಭಾಗದಲ್ಲಿವೆ. ಎರೆಲಡ್ಡುವಿನ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಆದ್ದರಿಂದ ಅಕ್ಕಪಕ್ಕ ಬಹಳ ಅಗಲವಾಗಿ ಕಾಣುತ್ತದೆ. ಶತ್ರುವನ್ನು ಗುರುತಿಸಲು ಇದು ಒಳ್ಳೆಯದೇ. ಆದರೆ ನೇರ ಮುಂದಿನ ನೋಟ ಕಿರಿದು. ಹಾರುವಾಗ ಆಹಾರಕ್ಕಾಗಿಯೋ ಜೊತೆಯ ಹಕ್ಕಿಗಳಿಗಾಗಿಯೋ ತಲೆ ತಗ್ಗಿಸಿ ನೆಲ ನೋಡಿದರೆ ಮುಂದಿರುವುದು ಕಾಣದೇ ಹೋಗುತ್ತದೆ. ತಂತಿ ಕಂಡರೂ, ಭಾರವಾದ ದೇಹವನ್ನು ತಟ್ಟನೆ ತಿರುಗಿಸಲು ಆಗುವುದಿಲ್ಲ. ಲಕ್ಷಾಂತರ ವರ್ಷ ಬಯಲಿನ ಆಕಾಶದಲ್ಲಿ ಅಡ್ಡವೇ ಇರಲಿಲ್ಲ. ಹಾಗಾಗಿ ಮುಂದೆ ನೋಡುವ ಅಗತ್ಯವೂ ಅದಕ್ಕೆ ಬಂದಿರಲಿಲ್ಲ.

ನೀವೇ ಒಂದು ಪ್ರಯೋಗ ಮಾಡಿ. ನೋಟ್ ಪುಸ್ತಕವನ್ನು ಮೂಗಿನ ಮುಂದೆ ನಿಲ್ಲಿಸಿ ಹಿಡಿದು, ಗೆಳೆಯನನ್ನು ಜೊತೆಗಿಟ್ಟುಕೊಂಡು ಅಂಗಳದಲ್ಲಿ ನಿಧಾನವಾಗಿ ನಡೆಯಿರಿ. ಅಕ್ಕಪಕ್ಕ ಕಾಣುತ್ತದೆ, ಮುಂದೆ ಕಾಣದು. ಆಗ ಎರೆಲಡ್ಡುವಿನ ಕಷ್ಟ ಸ್ವಲ್ಪ ಅರ್ಥವಾಗುತ್ತದೆ.

ಎಷ್ಟು ಉಳಿದಿವೆ?

ಒಂದು ಕಾಲದಲ್ಲಿ ಈ ಹಕ್ಕಿ ಪಂಜಾಬಿನಿಂದ ತಮಿಳುನಾಡಿನವರೆಗೆ ಒಣ ಬಯಲುಗಳಲ್ಲೆಲ್ಲ ಇತ್ತು. ಬೇಟೆಗಾರರು ಮಾಂಸಕ್ಕಾಗಿ, ಮೋಜಿಗಾಗಿ ಕೊಂದರು. ಬಯಲುಗಳು ಹೊಲಗಳಾದವು, ಹೊಲಗಳಿಗೆ ಕಾಲುವೆ ನೀರು ಬಂತು, ರಸ್ತೆ ಬಂತು, ಕಂಬ ಬಂತು. 1969ರಲ್ಲಿ ದೇಶದಲ್ಲಿ ಸುಮಾರು 1,260 ಹಕ್ಕಿಗಳಿವೆ ಎಂದು ಅಂದಾಜು ಮಾಡಲಾಗಿತ್ತು. ಇಂದು ಕಾಡಿನಲ್ಲಿ ಉಳಿದಿರುವುದು ಸುಮಾರು 150 ಅಥವಾ ಅದಕ್ಕಿಂತ ಕಡಿಮೆ. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿವೆ. 2011ರಲ್ಲಿ ಇದನ್ನು ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಪಕ್ಷಿತಜ್ಞ ಸಲೀಂ ಅಲಿ ಅವರ ಹೆಸರನ್ನು ನೀವು ಕೇಳಿರುತ್ತೀರಿ. ನಮ್ಮ ರಾಷ್ಟ್ರಪಕ್ಷಿಯನ್ನು ಆರಿಸುವ ಸಮಯದಲ್ಲಿ ಅವರು ಸೂಚಿಸಿದ್ದು ಈ ಹಕ್ಕಿಯನ್ನೇ. ಆದರೆ 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು. ನವಿಲು ಈಗ ನಮ್ಮ ಹೊಲಗಳಲ್ಲೇ ಗುಂಪುಗುಂಪಾಗಿ ಕಾಣುತ್ತದೆ. ಎರೆಲಡ್ಡು ಮಾತ್ರ ಚಿತ್ರಗಳಲ್ಲೇ ಉಳಿದುಬಿಡುವ ಹಂತದಲ್ಲಿದೆ.

ನಮ್ಮ ರಾಜ್ಯದ ಮಾತಿಗೆ ಬರೋಣ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿ.ಮೀ. ವಿಸ್ತಾರದ ಕೃಷ್ಣಮೃಗ ಅಭಯಾರಣ್ಯವಾಯಿತು. ಆಗ ಅಲ್ಲಿ ಎರೆಲಡ್ಡುವೂ ಇತ್ತು. ಅಲ್ಲಿಯ ಹುಲ್ಲುನೆಲದ ಬಹುಭಾಗದಲ್ಲಿ ನೀಲಗಿರಿ ಮರಗಳು ಬೆಳೆದು ನಿಂತಿವೆ. ಕೃಷ್ಣಮೃಗಗಳು ಇಂದಿಗೂ ಸಾವಿರಾರು ಇವೆ. ಎರೆಲಡ್ಡು ಮಾತ್ರ ಕಾಣಸಿಗುವುದಿಲ್ಲ. ಈಗ ಕರ್ನಾಟಕದಲ್ಲಿ ಈ ಹಕ್ಕಿಗೆ ಉಳಿದಿರುವ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಲಿನ ಎರೆ ಬಯಲು. ಅಲ್ಲಿಯೂ ಬೆರಳೆಣಿಕೆಯಷ್ಟೇ.

ವಿಜ್ಞಾನಿಗಳು ಏನು ಮಾಡುತ್ತಿದ್ದಾರೆ?

ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಸಮ್ ಎಂಬಲ್ಲಿ ಈ ಹಕ್ಕಿಯನ್ನು ಸಾಕಿ ಬೆಳೆಸುವ ಕೇಂದ್ರವಿದೆ. ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ಅಲ್ಲಿಯ ಅರಣ್ಯ ಇಲಾಖೆ ಸೇರಿ 2019ರಲ್ಲಿ ಬಯಲಿನಿಂದ ಕೆಲವು ಮೊಟ್ಟೆಗಳನ್ನು ಎಚ್ಚರಿಕೆಯಿಂದ ತಂದು, ಯಂತ್ರದ ಕಾವಿನಲ್ಲಿಟ್ಟು ಮರಿ ಮಾಡಿಸಿದವು. ಆ ಮರಿಗಳು ಬೆಳೆದು ದೊಡ್ಡವಾಗಿವೆ. ಅವುಗಳಿಗೂ ಮರಿಗಳಾಗಿವೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯ ವಿಧಾನದಿಂದ ಮೊದಲ ಮರಿ ಹುಟ್ಟಿತು.

ತಂತಿಗಳ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ರಾಜಸ್ಥಾನ, ಗುಜರಾತಿನಲ್ಲಿ ಹಕ್ಕಿಗಳಿರುವ ಪ್ರದೇಶದಲ್ಲಿ ಸಾಧ್ಯವಿದ್ದ ಕಡೆ ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಆದೇಶವಾಯಿತು. ಇದು ಎಲ್ಲೆಡೆ ಆಗುವಂಥದ್ದಲ್ಲವೆಂದು 2024ರಲ್ಲಿ ಆ ಆದೇಶವನ್ನು ಬದಲಿಸಿ, ಪರಿಶೀಲನೆಗೆ ತಜ್ಞರ ಸಮಿತಿಯನ್ನು ನೇಮಿಸಲಾಯಿತು. ಹಕ್ಕಿಗೆ ದೂರದಿಂದಲೇ ಕಾಣುವಂತೆ ತಂತಿಗೆ ಹೊಳೆಯುವ ಬಿಲ್ಲೆಗಳನ್ನು ತೂಗುಹಾಕುವ ಕ್ರಮವೂ ಇದೆ.

ಇಲ್ಲೊಂದು ಕಷ್ಟದ ಪ್ರಶ್ನೆಯಿದೆ. ಆ ತಂತಿಗಳಲ್ಲಿ ಅನೇಕವು ಸೂರ್ಯನ ಬೆಳಕಿನಿಂದ, ಗಾಳಿಯಿಂದ ತಯಾರಾದ ವಿದ್ಯುತ್ತನ್ನು ಸಾಗಿಸುತ್ತವೆ. ಅದು ಹೊಗೆಯಿಲ್ಲದ ವಿದ್ಯುತ್ತು. ನಮಗೆಲ್ಲ ಬೇಕಾದದ್ದೇ. ಗಿಡ ನೆಡುವುದೂ ಒಳ್ಳೆಯ ಕೆಲಸವೇ. ಆದರೆ ಒಳ್ಳೆಯ ಕೆಲಸವಾದರೂ ಎಲ್ಲಿ ಮಾಡಬೇಕು ಎಂದು ಕೇಳಿಕೊಂಡೇ ಮಾಡಬೇಕು. ಔಷಧ ಒಳ್ಳೆಯದೆಂದು ಕಾಲಿನ ಗಾಯದ ಮುಲಾಮನ್ನು ಕಣ್ಣಿಗೆ ಹಚ್ಚುತ್ತೇವೆಯೇ?

ಬಂಜರು ಎಂಬ ಮಾತು

ಆ ಬೆಳಗಿನ ನಂತರ ನಾನು ಶಾಲೆಯಲ್ಲಿ ಮಕ್ಕಳೆದುರು ತಪ್ಪು ಒಪ್ಪಿಕೊಂಡೆ. "ನಾವು ಗಿಡ ನೆಟ್ಟ ಜಾಗ ಪಾಳು ಜಾಗವಾಗಿರಲಿಲ್ಲ. ಅದು ಒಂದು ಮನೆಯಾಗಿತ್ತು. ಬಾಗಿಲು ತಟ್ಟದೆ ಒಳಗೆ ನುಗ್ಗಿದೆವು" ಎಂದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಹಾಗಾದ್ರೆ ಗಿಡ ನೆಡಬಾರದಾ ಸಾರ್?"

ಒಳ್ಳೆಯ ಪ್ರಶ್ನೆ. ನೆಡಬೇಕು. ಮರವಿದ್ದು ಕಡಿದ ಜಾಗದಲ್ಲಿ ನೆಡಬೇಕು. ರಸ್ತೆ ಬದಿಯಲ್ಲಿ, ಊರೊಳಗೆ, ಕೆರೆಯ ಏರಿಯ ಕೆಳಗೆ, ಹಿತ್ತಲಿನಲ್ಲಿ ನೆಡಬೇಕು. ಆದರೆ ಹಿಂದಿನಿಂದಲೂ ಹುಲ್ಲುಗಾವಲಾಗಿಯೇ ಇರುವ ಜಾಗವನ್ನು ಹುಲ್ಲಿಗೇ ಬಿಡಬೇಕು. ಮಳೆ ಕಡಿಮೆ ಇರುವ ನಾಡಿನಲ್ಲಿ ಹುಲ್ಲುಗಾವಲು ಕಾಡಿನಷ್ಟೇ ಬೆಲೆಯುಳ್ಳದ್ದು. ಕುರಿ, ದನಗಳಿಗೆ ಅದೇ ಮೇವು. ಹುಲ್ಲಿನ ಬೇರು ಮಣ್ಣನ್ನು ಹಿಡಿದಿಡುತ್ತದೆ. ಲಾವಕ್ಕಿ, ನೆಲಗುಬ್ಬಿ, ಕೃಷ್ಣಮೃಗ, ನರಿ, ತೋಳ, ಉಡ ಎಲ್ಲಕ್ಕೂ ಅದೇ ಆಸರೆ. ಹಸಿರಾಗಿ ಕಾಣಲಿಲ್ಲವೆಂದು ಅದನ್ನು ಬಂಜರು ಎನ್ನುವುದು ನಮ್ಮ ಕಣ್ಣಿನ ದೋಷ.

ಮುಂದಿನ ವನಮಹೋತ್ಸವಕ್ಕೆ ನಾವು ಸಸಿಗಳನ್ನು ಶಾಲೆಗೆ ಬರುವ ದಾರಿಯ ಎರಡೂ ಬದಿಗೆ ನೆಟ್ಟೆವು. ಈಗ ಅವು ನೆರಳು ಕೊಡುತ್ತಿವೆ. ಬಯಲಿನಲ್ಲಿ ಒಣಗಿ ನಿಂತಿದ್ದ ಕೋಲುಗಳನ್ನು ಮಕ್ಕಳೇ ಕಿತ್ತು ತಂದರು. ಬದುಕಿದ್ದ ಬೇವು, ಹೊಂಗೆಗಳನ್ನು ಬೇರಿನ ಮಣ್ಣಿನ ಸಮೇತ ಅಗೆದು ತಂದು ಊರೊಳಗೆ ನೆಟ್ಟೆವು. ಕೆಲವು ಉಳಿದವು, ಕೆಲವು ಉಳಿಯಲಿಲ್ಲ. ಆ ತಾತ ಈಗಿಲ್ಲ. ನಾನು ನಿವೃತ್ತನಾಗಿದ್ದೇನೆ. ಪ್ರತಿವರ್ಷ ಮೊದಲ ಮಳೆಯಾದ ಮೇಲೆ ಒಂದು ಬೆಳಗ್ಗೆ ಆ ಬಯಲಿನ ಅಂಚಿಗೆ ಹೋಗಿ ಕೂರುತ್ತೇನೆ. ಲಾವಕ್ಕಿ ಕೂಗುತ್ತದೆ. ನೆಲಗುಬ್ಬಿ ಮೇಲೇರಿ ಹಾಡುತ್ತದೆ. "ಹೂಂ…" ಎಂಬ ಕೂಗು ಮಾತ್ರ ಅಲ್ಲಿ ಇನ್ನೂ ಕೇಳಿಲ್ಲ. ಹುಲ್ಲು ಮಾತ್ರ ಚೆನ್ನಾಗಿ ಬೆಳೆದಿದೆ. ಹಕ್ಕಿ ಬರಬೇಕೆಂದರೆ ಮೊದಲು ಅದರ ಮನೆ ಇರಬೇಕಲ್ಲವೇ?

ನೀವು ಮಾಡಿ ನೋಡಿ

1. ಕೋಳಿ, ಕಾಗೆ, ಬಾತುಕೋಳಿ, ಕೊಕ್ಕರೆಗಳ ಹೆಜ್ಜೆಗುರುತನ್ನು ಒದ್ದೆ ಮಣ್ಣಿನಲ್ಲಿ ಹುಡುಕಿ ಚಿತ್ರ ಬರೆಯಿರಿ. ಯಾವುದಕ್ಕೆ ಎಷ್ಟು ಬೆರಳು? ಯಾವುದು ಮರದಲ್ಲಿ ಕೂರಬಲ್ಲದು?

2. ನಿಮ್ಮ ಊರಿನಲ್ಲಿ ಬಂಜರು ಎಂದು ಕರೆಯುವ ಜಾಗವಿದ್ದರೆ, ದೊಡ್ಡವರೊಬ್ಬರ ಜೊತೆ ಹೋಗಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಕಂಡ ಹುಲ್ಲು, ಕೀಟ, ಹಕ್ಕಿಗಳ ಪಟ್ಟಿ ಮಾಡಿ. ನೆಲದ ಮೇಲೆ ಮೊಟ್ಟೆ ಕಂಡರೆ ಮುಟ್ಟಬೇಡಿ, ತಕ್ಷಣ ದೂರ ಸರಿಯಿರಿ.

3. ನಿಮ್ಮ ಊರಿನ ಹಿರಿಯ ಕುರಿಗಾಹಿಯನ್ನೋ ರೈತರನ್ನೋ ಕೇಳಿ: "ತಾತಾ, ನೀವು ಚಿಕ್ಕವರಿದ್ದಾಗ ಇದ್ದು, ಈಗ ಕಾಣದ ಹಕ್ಕಿ ಯಾವುದು?" ಅವರು ಹೇಳಿದ ಹೆಸರನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಇಲ್ಲದ ಪಾಠವೊಂದು ಅವರ ಬಳಿ ಇರಬಹುದು. ನನಗೆ ಸಿಕ್ಕದ್ದು ಹಾಗೆಯೇ.